ಪ್ಯಾಕೆಟ್ಟಿನ ಮೇಲಿನ ಹೆಸರು

ಆಳಂದ, ಅಫಜಲಪುರ, ಜೇವರ್ಗಿ ಕಡೆ ಬೇಳೆ ಪ್ಯಾಕೆಟ್ಟಿಗೆ ಹೆಸರಿಡುವುದೆಂದರೆ ಮೊದಲು ನೆನಪಾಗುವುದು ಮನೆದೇವರು, ಆಮೇಲೆ ಭೀಮಾ ನದಿ. ಆಳಂದದಲ್ಲಿ ನಾವು ತೊಗರಿ ಒಡೆಸಿ ಮಾರಲು ಶುರು ಮಾಡಿದಾಗ ಗಾಣಗಾಪುರದ ದತ್ತನ ಹೆಸರಿಡೋಣ ಎಂದಳು ಅವ್ವ. ಕಲಬುರಗಿಯ ವಕೀಲರು ತಡೆದರು: ‘ದೇವರ ಹೆಸರಿಗೆ ಯಾರೂ ಬ್ಯಾಡ ಅನ್ನಂಗಿಲ್ರಿ. ಆದ್ರ ನಾಳೆ ಇನ್ನೊಬ್ಬ ಅದನ್ನೇ ಇಟ್ರ ತಡಿಯೋದು ಕಷ್ಟ ಆಗ್ತದ.’ ಊದುಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ಒಬ್ಬನೇ ವ್ಯಾಪಾರಿ ತನ್ನದೆನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೊಟ್ಟ ತೀರ್ಪನ್ನೂ ತೋರಿಸಿದರು. ಊರ ಹೆಸರು, ‘ಶುದ್ಧ’, ‘ಉತ್ತಮ’ದಂಥ ಮಾತುಗಳಿಗೂ ಟ್ರೇಡ್‌ಮಾರ್ಕ್ ನೋಂದಣಿ ಸುಲಭಕ್ಕೆ ಸಿಗದು. ಕೊನೆಗೆ ನಮ್ಮ ಹೊಲವನ್ನು ಅಜ್ಜನ ಕಾಲದಿಂದ ಕರೆಯುತ್ತಿದ್ದ ಹೆಸರನ್ನೇ ಇಟ್ಟೆವು.

ಕೆಲವು ಸುಗ್ಗಿ ಕಳೆದವು. ಕಾಯಂ ಗಿರಾಕಿ ಒಬ್ಬಾಕೆ ಕೇಳಿದಳು: ‘ಯಣ್ಣಾ, ನಿಮ್ಮ ಬ್ಯಾಳಿ ಈಗ ಯಾಕ ಲಗೂ ಕುದಿವಲ್ದು?’ ಆಕೆ ತಂದ ಪ್ಯಾಕೆಟ್ಟು ಜೇವರ್ಗಿ ಸಂತೆಯದು. ಅದೇ ಹಳದಿ, ಅದೇ ಮೂಲೆಯಲ್ಲಿ ತೊಗರಿ ಕಾಯಿಯ ಚಿತ್ರ; ಹೆಸರಿನಲ್ಲಿ ಮಾತ್ರ ಒಂದು ಒತ್ತಕ್ಷರ ಬೇರೆ. ಒಳಗಿನ ಬೇಳೆ ನಮ್ಮ ಕರಿಮಣ್ಣಿನದಲ್ಲ ಎಂದು ಮುಟ್ಟಿದ ಕೂಡಲೇ ತಿಳಿಯಿತು. ಹೊಟ್ಟೆ ಉರಿಯಿತು. ರೊಕ್ಕ ಹೋದದ್ದಕ್ಕಿಂತ, ಆಕೆ ನಮ್ಮನ್ನು ಅನುಮಾನಿಸುವಂತಾಯಿತಲ್ಲ ಎಂದು.

ಆಗಿನ್ನೂ ನಮ್ಮ ನೋಂದಣಿ ಕೈಗೆ ಬಂದಿರಲಿಲ್ಲ. ಕೈಹಿಡಿದದ್ದು ಕಾಗದ. ಪ್ಯಾಕೆಟ್ ಅಚ್ಚು ಹಾಕಿಸಿದ ಪ್ರೆಸ್ಸಿನ ಮೊದಲ ಬಿಲ್ಲು, ಜಿಎಸ್‌ಟಿ ಬಿಲ್ಲುಗಳು, ಲಾರಿ ರಸೀದಿಗಳನ್ನು ಅವ್ವ ಟ್ರಂಕಿನಲ್ಲಿ ಕಟ್ಟಿಟ್ಟಿದ್ದಳು. ನೋಂದಣಿ ಆಗದಿದ್ದರೂ, ಮೊದಲಿನಿಂದ ಬಳಸಿ ಹೆಸರು ಗಳಿಸಿದವನಿಗೆ ಕಾನೂನಿನ ಆಸರೆಯುಂಟು. ಆದರೆ ತೋರಿಸಲು ಪುರಾವೆ ಬೇಕು. ಅವುಗಳ ಪ್ರತಿ ಲಗತ್ತಿಸಿ ನೋಟಿಸ್ ಕಳಿಸಿದೆವು. ಆ ಪ್ಯಾಕೆಟ್ಟು ಸಂತೆಯಿಂದ ಮರೆಯಾಯಿತು.

ಅರ್ಜಿಯೇನೂ ದೊಡ್ಡ ಗುಡ್ಡವಲ್ಲ. ಟಿಎಂ-ಎ ಎಂಬ ನಮೂನೆ, ಕರ್ನಾಟಕದವರದು ಚೆನ್ನೈ ಕಚೇರಿಗೆ. ಆನ್‌ಲೈನಿನಲ್ಲಿ ಸಲ್ಲಿಸಿದರೆ ಒಂದು ವರ್ಗದ ಸರಕಿಗೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ 4,500 ರೂಪಾಯಿ, ದೊಡ್ಡವರಿಗೆ 9,000. ಮೊದಲೇ ಬಳಸುತ್ತಿದ್ದೇವೆ ಎಂದರೆ ಪ್ರಮಾಣಪತ್ರದ ಜೊತೆ ಅದೇ ಬಿಲ್ಲುಗಳು ಬೇಕು. ಪರಿಶೀಲನೆ ದಾಟಿದರೆ ಜರ್ನಲ್ಲಿನಲ್ಲಿ ಪ್ರಕಟಣೆ, ತಕರಾರಿಗೆ 4 ತಿಂಗಳು. ಸಿಕ್ಕ ನೋಂದಣಿ ಅರ್ಜಿಯ ದಿನದಿಂದ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಣ. ಹೆಸರಿಗೊಂದು, ಬಣ್ಣದ ಲೇಬಲ್ಲಿಗೊಂದು ಅರ್ಜಿ ಬೇರೆಬೇರೆ ಹಾಕುವುದು ಒಳ್ಳೆಯದು; ನಾಳೆ ಪ್ಯಾಕೆಟ್ಟಿನ ಬಣ್ಣ ಬದಲಾದರೂ ಹೆಸರು ಉಳಿಯುತ್ತದೆ.

‘ನಮ್ಮ ತೊಗರಿಗೆ ಜಿಐ ಸಿಕ್ಕದಲ್ಲ, ಮತ್ತ್ಯಾಕ ಇದೆಲ್ಲ?’ ಎಂದು ಅಫಜಲಪುರದ ಮಾವ ಕೇಳುತ್ತಾರೆ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಸಿಕ್ಕ ಆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಈ ಮಣ್ಣಿನಲ್ಲಿ ಬೆಳೆಯುವ ಎಲ್ಲರದು. ಅದನ್ನು ಯಾವ ಮಿಲ್ಲೂ ತನ್ನ ಸ್ವಂತ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವಂತಿಲ್ಲ. ಮಣ್ಣಿನ ಹೆಸರು ಅದು ಕಾಯುತ್ತದೆ, ಮನೆಯ ಹೆಸರು ಟ್ರೇಡ್‌ಮಾರ್ಕ್ ಕಾಯುತ್ತದೆ; ನನಗೆ ಎರಡೂ ಬೇಕು. ಜಿಐ ಬಳಸಲು ಅಧಿಕೃತ ಬಳಕೆದಾರನಾಗಿ ಹೆಸರು ಬರೆಸಬೇಕು. ಅದರ ಅರ್ಜಿ ಶುಲ್ಕ 2020ರಲ್ಲಿ 500ರಿಂದ 10 ರೂಪಾಯಿಗೆ ಇಳಿದಿದೆ. ಬೆಳೆದ ತೊಗರಿಯನ್ನೆಲ್ಲ ಅಡತ್ ಅಂಗಡಿಗೆ ಸುರಿದು ಬರುವ ಮಾವನಿಂದ ಈ ವರ್ಷ ಆ ಅರ್ಜಿ ತುಂಬಿಸುತ್ತಿದ್ದೇನೆ, ಪಹಣಿ ತೆಗೆಸಿದ್ದಾಗಿದೆ.