ಗದ್ದಬಾವು ಇಳಿದ ಮೇಲೂ ಮಗುವಿನ ಎದೆಬಡಿತದತ್ತ ಗಮನವಿರಲಿ



ಚಳಿಗಾಲ ಕಳೆದು ಬೇಸಿಗೆ ಕಾಲಿಡುವ ದಿನಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಶಾಲಾಮಕ್ಕಳಿಗೆ ನೆಗಡಿ, ಜ್ವರ, ಗದ್ದಬಾವು ಬರುವುದು ಹೊಸದಲ್ಲ. ಬೇವಿನ ಸೊಪ್ಪು, ಅರಿಶಿನದ ಲೇಪ ಹಚ್ಚಿ ವಾರ ಕಳೆಯುವುದರೊಳಗೆ ಬಾವು ಇಳಿಯುತ್ತದೆ, ಮಗು ಮತ್ತೆ ಆಟಕ್ಕೆ ಓಡುತ್ತದೆ. ನೂರಾರು ಮಕ್ಕಳಲ್ಲಿ ಕಥೆ ಅಲ್ಲಿಗೇ ಮುಗಿಯುವುದು. ಎಲ್ಲೋ ಒಂದು ಮಗುವಿನಲ್ಲಿ ಮಾತ್ರ ಅದು ಎದೆಯೊಳಗೆ ಮುಂದುವರಿಯುವುದು. ಆ ಒಂದು ಮಗುವಿಗಾಗಿ ಈ ಲೇಖನ.

ಕೆಲವು ವರ್ಷಗಳ ಹಿಂದೆ ಹನ್ನೊಂದು ವರ್ಷದ ಬಾಲಕನೊಬ್ಬನನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಗದ್ದಬಾವು ಇಳಿದು ಐದು ದಿನಗಳಾಗಿದ್ದವು. ಹೊಟ್ಟೆನೋವು, ವಾಂತಿ, ನಿತ್ರಾಣ. ಅಜೀರ್ಣವೆಂದು ತಿಳಿದು ಹಿಂಗ್ವಾಷ್ಟಕ ಚೂರ್ಣ ಕೊಟ್ಟು ಕಳುಹಿಸಿದೆ. ನಾಡಿಯನ್ನು ಎಣಿಸಿ ನೋಡಲಿಲ್ಲ. ಮರುದಿನ ಅವನು ಅಂಗಳದಲ್ಲಿ ತಲೆತಿರುಗಿ ಬಿದ್ದ. ಗಾಳಿ ಸೋಕಿದೆಯೆಂದು ದೃಷ್ಟಿ ತೆಗೆದು, ಮೂಗಿಗೆ ಉಳ್ಳಾಗಡ್ಡಿ ಹಿಡಿದು, ಮತ್ತೆ ನನ್ನ ಬಳಿಗೆ ತಂದರು. ಈ ಸಲ ಗಡಿಯಾರ ಹಿಡಿದು ಎಣಿಸಿದೆ: ನಿಮಿಷಕ್ಕೆ 44. ಒಂದು ಗುಳಿಗೆಯನ್ನೂ ಕೊಡದೆ ಬೆಳಗಾವಿಗೆ ಕಳುಹಿಸಿದೆ. ಅಲ್ಲಿ ತಾತ್ಕಾಲಿಕ ಪೇಸ್‌ಮೇಕರ್ ಅಳವಡಿಸಿದರು. ಒಂಬತ್ತನೆಯ ದಿನ ಹೃದಯ ತನ್ನ ಲಯಕ್ಕೆ ಮರಳಿತು. ಹುಡುಗ ಉಳಿದ. ಆದರೆ ಕಳೆದುಹೋದ ಆ ಒಂದು ದಿನವನ್ನು ನಾನು ಇಂದಿಗೂ ಮರೆತಿಲ್ಲ.

ಹೀಗೇಕಾಗುತ್ತದೆ? ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ ಸಂಕೇತವು ಕೆಳಗಿನ ಕೋಣೆಗಳಿಗೆ ತಲುಪಿದಾಗ ಬಡಿತ ಉಂಟಾಗುತ್ತದೆ. ಹಿಡಕಲ್ ಜಲಾಶಯದಿಂದ ನೀರು ಬಿಟ್ಟಿದ್ದರೂ ಕಾಲುವೆಯ ತೂಬಿನಲ್ಲಿ ಹೂಳು ತುಂಬಿದರೆ ಹೊಲಕ್ಕೆ ನೀರು ತಲುಪದು. ಹಾಗೆಯೇ ವೈರಾಣುವಿನಿಂದ ಹೃದಯದ ಸ್ನಾಯು ಉರಿಯೂತಗೊಂಡಾಗ ಸಂಕೇತದ ದಾರಿ ಮುಚ್ಚಿ ಬಡಿತ ನಿಧಾನವಾಗುವುದು. ಕೆಲವರಲ್ಲಿ ಬಡಿತ ಅತಿವೇಗವಾಗಿ, ಇಲ್ಲವೆ ತಾಳ ತಪ್ಪಿ ನಡೆಯುವುದು. ಗದ್ದಬಾವಿನ ವೈರಾಣುವಷ್ಟೇ ಅಲ್ಲ, ಕಾಕ್ಸಾಕಿ, ಅಡಿನೊ, ಇನ್‌ಫ್ಲುಯೆಂಜಾ, ಡೆಂಗ್ಯೂ, ಕೊರೊನಾ ವೈರಾಣುಗಳಿಂದಲೂ ಹೀಗಾಗಬಹುದು.

ಜ್ವರ ಬಂದಾಗಲೂ, ಬಿಟ್ಟ ಮೇಲೆ ಎರಡು ವಾರಗಳವರೆಗೂ ಈ ಲಕ್ಷಣಗಳನ್ನು ಗಮನಿಸಿರಿ:

1. ತಲೆತಿರುಗುವುದು, ಎಚ್ಚರ ತಪ್ಪಿ ಬೀಳುವುದು.
2. ನಾಲ್ಕು ಹೆಜ್ಜೆ ನಡೆದರೂ ಏದುಸಿರು, ಎದೆನೋವು.
3. ಮೇಲಿಂದ ಮೇಲೆ ವಾಂತಿ, ಹೊಟ್ಟೆನೋವು ಹಾಗೂ ಅತಿಯಾದ ನಿತ್ರಾಣ.
4. ಮುಖ ಬಿಳಿಚಿಕೊಂಡು ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು.
5. ಹಸುಗೂಸು ಹಾಲು ಕುಡಿಯುವಾಗ ಬೆವರುವುದು, ನಡುನಡುವೆ ದಣಿದು ಬಿಡುವುದು.

ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಪ್ರತಿ ತಾಯಿಯೂ ಕಲಿಯಬೇಕು. ಶಾಂತವಾಗಿ ಕುಳಿತ ಮಗುವಿನ ನಾಡಿ ಸುಮಾರಾಗಿ 1ರಿಂದ 5 ವರ್ಷದವರೆಗೆ 80–130, 6ರಿಂದ 10 ವರ್ಷದವರೆಗೆ 70–110, ಅದಕ್ಕೂ ದೊಡ್ಡ ಮಕ್ಕಳಲ್ಲಿ 60–100 ಇರುವುದು. ಜ್ವರದಲ್ಲಿ ನಾಡಿ ಹೆಚ್ಚುವುದು ಸಹಜ; ಜ್ವರವಿದ್ದೂ ನಾಡಿ ತೀರ ನಿಧಾನವಾಗುವುದು ಅಪಾಯದ ಸೂಚನೆ. ಮೇಲಿನ ಲಕ್ಷಣಗಳಿದ್ದರೆ ನಾಡಿ ಸರಿಯಿದೆಯೆಂದು ಸುಮ್ಮನಿರಲೂ ಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿರಿ. ಮಗು ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕದೆ 108ಕ್ಕೆ ಕರೆ ಮಾಡಿರಿ.

ನಾಲ್ಕು ದಶಕ ನಾಡಿ ನೋಡಿದ ಆಯುರ್ವೇದ ವೈದ್ಯನಾಗಿ ಒಂದು ಮಾತು ಹೇಳುವೆ. ಬಡಿತ ನಿಧಾನವೆಂದು ಬೆರಳು ತಿಳಿಸೀತು. ದಾರಿ ಎಲ್ಲಿ ಮುಚ್ಚಿದೆಯೆಂದು ಇಸಿಜಿಯೇ ತಿಳಿಸಬೇಕು. ಹೊಳೆಮತ್ತಿಯ ಚಕ್ಕೆಯ ಕಷಾಯವಾಗಲಿ, ರಸೌಷಧಿಯಾಗಲಿ ಈ ಹೊತ್ತಿನಲ್ಲಿ ಪೇಸ್‌ಮೇಕರಿನ ಕೆಲಸ ಮಾಡಲಾರವು. ಶಿರಸ್ಸು, ಹೃದಯ, ಬಸ್ತಿ ಇವು ಮೂರು ಪ್ರಧಾನ ಮರ್ಮಗಳೆಂದು ಚರಕಾಚಾರ್ಯರು ಹೇಳಿದ್ದಾರೆ. ಮರ್ಮಕ್ಕೆ ಪೆಟ್ಟು ಬಿದ್ದಾಗ ಕಾಲಹರಣ ಮಾಡುವುದು ಶಾಸ್ತ್ರವಲ್ಲ.

ಅದೇ ಆಚಾರ್ಯರು ಜ್ವರ ಬಿಟ್ಟವನು ಬಲ ಬರುವವರೆಗೆ ವ್ಯಾಯಾಮ, ತಿರುಗಾಟಗಳನ್ನು ವರ್ಜಿಸಬೇಕೆಂದಿದ್ದಾರೆ. ಇದು ಇಂದಿಗೂ ಸತ್ಯ. ಜ್ವರ, ಬಾವು ಇಳಿದೊಡನೆ ಮಗುವನ್ನು ಕಬಡ್ಡಿ, ಖೋಖೋಗಳಿಗಾಗಲಿ, ಹೊಲದ ಕೆಲಸಕ್ಕಾಗಲಿ ಕಳುಹಿಸದಿರಿ. ಗಂಜಿ, ಹೆಸರುಬೇಳೆಯ ಕಟ್ಟು, ನಿದ್ರೆ ಇರಲಿ. ಹೃದಯದ ಉರಿಯೂತ ಖಚಿತವಾದ ಮಕ್ಕಳಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಓಟದಾಟ ಬೇಡವೆನ್ನುತ್ತಾರೆ. ಮರುಪರೀಕ್ಷೆಯಾದ ಮೇಲೆಯೇ ಅನುಮತಿ. ವೈದ್ಯರು ಹೇಳದೆ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ಲಸಿಕೆಯ ಬಗ್ಗೆಯೂ ತಿಳಿದಿರಬೇಕು. 2017ರ ಅಭಿಯಾನದಲ್ಲಿ ನಮ್ಮ ಮಕ್ಕಳಿಗೆ ಹಾಕಿದ ಎಂ.ಆರ್. ಲಸಿಕೆ ದಡಾರ ಮತ್ತು ರುಬೆಲ್ಲಾಗಳನ್ನು ಮಾತ್ರ ತಡೆಯುವುದು. ಗದ್ದಬಾವನ್ನೂ ತಡೆಯುವುದು ಎಂ.ಎಂ.ಆರ್. ಭಾರತೀಯ ಮಕ್ಕಳ ತಜ್ಞರ ಸಂಘವು ಇದನ್ನು 9 ತಿಂಗಳು, 15 ತಿಂಗಳು ಹಾಗೂ 4ರಿಂದ 6 ವರ್ಷದ ನಡುವೆ ಕೊಡಲು ಸಲಹೆ ಮಾಡಿದೆ. ನಿಮ್ಮ ಮಗುವಿನ ಕಾರ್ಡಿನಲ್ಲಿ ಯಾವುದಿದೆಯೆಂದು ನೋಡಿ ಮಕ್ಕಳ ವೈದ್ಯರನ್ನು ಕೇಳಿರಿ. ಗದ್ದಬಾವು ಬಂದ ಮಗುವನ್ನು ಬಾವು ಕಾಣಿಸಿಕೊಂಡಂದಿನಿಂದ ಐದು ದಿನ ಶಾಲೆಗೂ ಜಾತ್ರೆಗೂ ಕಳುಹಿಸದಿರಿ.

ಹೆದರಬೇಕಾಗಿಲ್ಲ, ಇದು ಅಪರೂಪದ ತೊಂದರೆ. ಸಕಾಲಕ್ಕೆ ಚಿಕಿತ್ಸೆ ದೊರೆತ ಬಹಳಷ್ಟು ಮಕ್ಕಳು ಗುಣ ಹೊಂದುತ್ತಾರೆ. ಬಾವು ಇಳಿದ ಮೇಲೆಯೂ ಮಲಗುವ ಮುನ್ನ ಮಗುವಿನ ಕೈ ಹಿಡಿದು ಒಂದು ನಿಮಿಷ ಎಣಿಸಿರಿ. ನಾನು ಅಂದು ಮಾಡದೆ ಬಿಟ್ಟದ್ದು ಅಷ್ಟನ್ನೇ.