ಹಗುರ ವಿಮಾನವು ವಶ ತಪ್ಪಿದಾಗ

ವೇಗ ಕುಗ್ಗಿದುದರಿಂದಲೇ ವಿಮಾನವು ವಶ ತಪ್ಪುವುದೆಂದು ಹಾರಾಟದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುವರಾದರೂ, ಮೂಲಕಾರಣವು ರೆಕ್ಕೆಯು ಎದುರುಗಾಳಿಯನ್ನು ಸಂಧಿಸುವ ಕೋನದಲ್ಲಿದೆ. ಆ ಕೋನವು ಸುಮಾರು 15ರಿಂದ 18 ಡಿಗ್ರಿಗಳನ್ನು ಮೀರಿತೆಂದರೆ, ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಬೇರ್ಪಟ್ಟು ಎತ್ತುವ ಶಕ್ತಿ ಕುಸಿಯುತ್ತದೆ, ಇದೇ ಸ್ಟಾಲ್. 60 ಡಿಗ್ರಿ ವಾಲಿಸಿ, ಎತ್ತರ ಕೆಡದಂತೆ ತಿರುಗಿಸುವಾಗ ರೆಕ್ಕೆಯು ಇಮ್ಮಡಿ ಭಾರ ಹೊರಬೇಕಾಗುವುದರಿಂದ, ನೇರ ಹಾರಾಟದಲ್ಲಿ 50 ನಾಟ್‌ಗೆ ಸ್ಟಾಲ್ ಆಗುವ ವಿಮಾನವು ಆಗ 70 ನಾಟ್‌ನಲ್ಲಿಯೇ ಸ್ಟಾಲ್ ಆಗುತ್ತದೆ.

ಸ್ಟಾಲ್‌ನ ಎಚ್ಚರಿಕೆ ಕೇಳಿಬಂದೊಡನೆ ಮೊದಲು ನಿಯಂತ್ರಣದಂಡವನ್ನು ಮುಂದಕ್ಕೆ ಬಿಡತಕ್ಕದ್ದು; ತರುವಾಯ ರೆಕ್ಕೆಗಳನ್ನು ಸಮಮಾಡಿ, ಎಂಜಿನ್ನಿಗೆ ಪೂರ್ಣಶಕ್ತಿ ಕೊಡತಕ್ಕದ್ದು. ನೆಲ ಮೇಲೇರಿ ಬರುತ್ತಿರುವಂತೆ ಕಾಣುವಾಗ ದಂಡವನ್ನು ಎದೆಗೆಳೆದುಕೊಳ್ಳುವುದು ಮನುಷ್ಯಸಹಜವಾದರೂ, ಪ್ರಾಣ ತೆಗೆಯುವುದು ಆ ಸಹಜತೆಯೇ ಆಗಿದೆ.

ಸ್ಟಾಲ್ ಆಗುವಾಗ ಮೂತಿ ಪಕ್ಕಕ್ಕೆ ಜಾರುತ್ತಿದ್ದರೆ, ಒಂದು ರೆಕ್ಕೆ ಇನ್ನೊಂದಕ್ಕಿಂತ ಆಳವಾಗಿ ಸೋತು, ವಿಮಾನವು ಸುತ್ತುತ್ತ ಇಳಿಯುವ ಸ್ಪಿನ್ ಮೊದಲಾಗುತ್ತದೆ. ಆಯಾ ವಿಮಾನದ ಕೈಪಿಡಿಯೇ ಅಂತಿಮ ಪ್ರಮಾಣವಾದರೂ, ಬಹುತೇಕ ತರಬೇತಿ ವಿಮಾನಗಳಲ್ಲಿ ಅನುಸರಿಸುವ ಕ್ರಮ ಹೀಗಿದೆ: ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆಯುವುದು, ಐಲೆರಾನ್‌ಗಳನ್ನು ನಡುಸ್ಥಿತಿಗೆ ತರುವುದು, ಸುತ್ತುವಿಕೆಗೆ ವಿರುದ್ಧವಾದ ರಡ್ಡರನ್ನು ಕೊನೆಯವರೆಗೆ ತುಳಿಯುವುದು, ಆಮೇಲೆ ದಂಡವನ್ನು ಮುಂದೊತ್ತುವುದು, ಸುತ್ತು ನಿಂತೊಡನೆ ರಡ್ಡರನ್ನು ಸಡಿಲಿಸಿ, ಡೈವಿನಿಂದ ಮೆಲ್ಲನೆ ಎತ್ತುವುದು. 1912ರಲ್ಲಿ ಇಂಗ್ಲೆಂಡಿನ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್, ದಂಡವನ್ನು ಎಳೆದು ಫಲ ಕಾಣದೆ, ನೆಲ ತೀರ ಸಮೀಪಿಸಿದಾಗ ವಿರುದ್ಧ ರಡ್ಡರ್ ತುಳಿದು ಬದುಕಿದನಾದರೆ, 1917ರಲ್ಲಿ ವಿಜ್ಞಾನಿ ಲಿಂಡೆಮನ್ ಫಾರ್ನ್‌ಬರೋದಲ್ಲಿ ತಾನೇ ವಿಮಾನವನ್ನು ಸ್ಪಿನ್ನಿಗೆ ಒಡ್ಡಿ ಅದರ ಗತಿಯನ್ನು ಅಳೆದನು. ಅಂಥವರ ಧೈರ್ಯದಿಂದಲೇ ಈ ವಿದ್ಯೆ ನಮಗೆ ದೊರೆತಿದೆ. ಇದನ್ನು ಬಾಯಿಪಾಠ ಮಾಡಿದರೆ ಸಾಲದು, ಸ್ಪಿನ್ನಿಗೆ ಅನುಮತಿಯುಳ್ಳ ವಿಮಾನದಲ್ಲಿ, ಸಾಕಷ್ಟು ಎತ್ತರದಲ್ಲಿ, ಬಲ್ಲ ಶಿಕ್ಷಕರೊಡನೆ ಅಭ್ಯಸಿಸಬೇಕು.

ಆದರೆ ಒಂದು ಸುತ್ತಿನ ಸ್ಪಿನ್ನಿಗೂ ಅದರಿಂದ ಚೇತರಿಕೆಗೂ ಸುಮಾರು 1000 ಅಡಿ ಎತ್ತರ ವ್ಯಯವಾಗುವುದು. ರನ್‌ವೇ ಕಡೆಗಿನ ಕೊನೆಯ ತಿರುವಿನಲ್ಲಿ ಅಷ್ಟು ಎತ್ತರವಿರುವುದಿಲ್ಲ. ಅಲ್ಲಿ ತಪ್ಪನ್ನು ತಡೆಯುವುದೊಂದೇ ಉಪಾಯ. ರನ್‌ವೇಯ ನೇರವನ್ನು ದಾಟಿಹೋದಿರೆಂದು ತೋರಿದರೆ, ರಡ್ಡರಿನಿಂದ ಮೂತಿಯನ್ನು ತಳ್ಳಿ ಸರಿಪಡಿಸಲು ಹೋಗದೆ, ವಾಲಿಕೆಯನ್ನು ತಗ್ಗಿಸಿ, ಪೂರ್ಣಶಕ್ತಿ ಕೊಟ್ಟು, ಮೇಲೇರಿ ಮತ್ತೊಂದು ಸುತ್ತು ಬನ್ನಿ. ಇದಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ, ವಿಮಾನ ಸ್ಥಿರವಾಗಿ ಏರತೊಡಗಿದ ಮೇಲೆ ಟವರಿಗೆ ತಿಳಿಸಿದರಾಯಿತು.