ತತ್ತಿಯ ಲೆಕ್ಕ ಮರಿಯ ಲೆಕ್ಕವಲ್ಲ

ಮುಂಡಗೋಡದ ಕಡೆ ಮನೆಯಲ್ಲೇ ಇನ್‌ಕ್ಯುಬೇಟರ್ ಇಟ್ಟು ಮರಿ ಮಾಡಿಸಬೇಕೆನ್ನುವವರು ಮೊದಲು ಒಂದು ಮಾತು ತಿಳಿದಿರಲಿ: ಇಟ್ಟ ತತ್ತಿಗಳೆಲ್ಲ ಮರಿಯಾಗುವುದಿಲ್ಲ, ಆದರೆ ನಷ್ಟದ ದೊಡ್ಡ ಪಾಲು ನಮ್ಮ ಕೈಯಲ್ಲೇ ಇದೆ. ಜವಾರಿ ಹೇಂಟೆ ತಾನೇ ಕಾವು ಕೂರುವಾಗ ಯಂತ್ರವೇಕೆ ಎನ್ನಬಹುದು. ಅದು ಕೂರುವುದು ತನಗೆ ಮನಸ್ಸು ಬಂದಾಗ, ಅದೂ ಹತ್ತು–ಹನ್ನೆರಡು ತತ್ತಿಗೆ. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯಂತೂ ಕಾವಿಗೆ ಕೂರುವುದೇ ಇಲ್ಲ. ಆದರೆ ಪೆಟ್ಟಿಗೆ ತಂದಮೇಲೆ ಹೇಂಟೆಯ ಕೆಲಸವೆಲ್ಲ ನಮ್ಮದು: ಫ್ಯಾನ್ ಇದ್ದರೆ 37.5 ಡಿಗ್ರಿ ಸೆಲ್ಸಿಯಸ್ ಬಿಸಿ, 18ನೇ ದಿನದವರೆಗೆ ದಿನಕ್ಕೆ ಮೂರು ಸಲವಾದರೂ ತತ್ತಿ ಹೊರಳಿಸುವುದು, ಕೊನೆಯ ಮೂರು ದಿನ ಹೆಚ್ಚು ತೇವ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಜೀವವಿದ್ದರೆ ಜೇಡನ ಕಾಲಿನಂತೆ ಕೆಂಪು ನರಗಳು ಹರಡಿರುತ್ತವೆ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಎಲ್ಲ ಮುಗಿಯಿತಲ್ಲ ಎಂಬ ಅಳುಕು ಸಹಜ. ಒಂದೆರಡು ಗಂಟೆಯ ತಂಪನ್ನು ತತ್ತಿಯೊಳಗಿನ ಜೀವ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಮುಚ್ಚಳ ತೆಗೆಯದೆ, ಗಾಳಿಕಿಂಡಿ ಬಿಟ್ಟು ಕಂಬಳಿ ಹೊದಿಸಿ. ಬೇಗ ಕೊಲ್ಲುವುದು ಅತಿ ಬಿಸಿ. ಮಳೆಯ ಗಾಳಿಯಲ್ಲೇ ತೇವವಿರುವುದರಿಂದ ಮೊದಲ ದಿನಗಳಲ್ಲಿ ನೀರು ಹೆಚ್ಚಾಗದಿರಲಿ. 21ನೇ ದಿನದ ಹೊತ್ತಿಗೆ ಚಿಪ್ಪು ಕುಕ್ಕಿದ ಮರಿ ಹೊರಬರಲು ಒಂದು ದಿನವೇ ಹಿಡಿಯಬಹುದು. ಕನಿಕರಪಟ್ಟು ಚಿಪ್ಪು ಸುಲಿದರೆ ರಕ್ತ ಸೋರಿ ಸತ್ತೀತು. ಇಷ್ಟಾಗಿಯೂ ಕೆಲವು ಒಳಗೇ ಸಾಯುತ್ತವೆ. ಆ ನೋವಿಗೆ ಪೆಟ್ಟಿಗೆಯನ್ನು ಮೂಲೆಗೆ ಸೇರಿಸಬೇಡಿ. ದಿನದಿನದ ಬಿಸಿ, ತೇವ ಬರೆದಿಡಿ, ತಪ್ಪಿದ್ದೆಲ್ಲಿ ಎಂದು ಹುಡುಕಿ, ತಿದ್ದಿಕೊಂಡು ಮತ್ತೆ ತತ್ತಿ ಇಡಿ.